ಅರ್ಧ ಸುಟ್ಟ ಅಂಗಡಿ

ಭಾಗಶಃ ಬೆಂಕಿ ಹಾನಿಯಲ್ಲಿ ಸರ್ವೇಯರ್ ಮೊದಲು ಅಳೆಯುವುದು ಉಳಿದ ಮಾಲನ್ನು. ಇಂಡಿ ಪಟ್ಟಣವಾಗಲಿ, ಮುದ್ದೇಬಿಹಾಳವಾಗಲಿ, ಜವಳಿ ಅಂಗಡಿಯ ಮುಂದಿನ ಮಾತು ಹೀಗೆ ಸಾಗುತ್ತದೆ:

"ಒಟ್ಟು ಮಾಲು?"

"ಹತ್ತು ಲಕ್ಷದ್ದರೀ ಸಾಹೇಬ್ರ. ಎರಡು ಲಕ್ಷದ್ದು ಸುಟ್ಟೈತಿ."

"ಪಾಲಿಸಿ?"

"ಐದು ಲಕ್ಷಕ್ಕ ಮಾಡ್ಸೇನ್ರಿ."

"ಹಂಗಾದ್ರ ಒಂದು ಲಕ್ಷ ಬರ್ತೈತಿ. ಉಳಿದರ್ಧಕ್ಕ ನೀವ ವಿಮಾ ಕಂಪನಿ."

"ಹಂಗಿದ್ರ ನನ್ನ ಕಂಪನಿಗೂ ಒಬ್ಬ ಸರ್ವೇಯರ್ ಕಳಸ್ರಿ!"

ಮಾಲಿನ ಬೆಲೆಯ ಎಷ್ಟು ಪಾಲಿಗೆ ವಿಮೆಯಿದೆಯೋ ನಷ್ಟದ ಅಷ್ಟೇ ಪಾಲು ಕೊಡುವ ಈ ಲೆಕ್ಕವೇ ಸರಾಸರಿ ನಿಯಮ. 2021ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆಗೆ ಈ ಕಡಿತವಿಲ್ಲ. ಸಣ್ಣ ಅಂಗಡಿಯ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ವಿಮಾ ಮೊತ್ತದಲ್ಲಿ ಶೇ. 15ರವರೆಗಿನ ಕೊರತೆಯನ್ನಷ್ಟೇ ಮನ್ನಿಸುತ್ತದೆ. ಅರೆಸುಟ್ಟ ಸೀರೆಗೂ ಗುಜರಿ ಬೆಲೆ ಕಟ್ಟಿ ನಷ್ಟದಿಂದ ಕಳೆಯುತ್ತಾರೆ.

"ಸ್ಟಾಕ್ ಪುಸ್ತಕ?"

"ಅದೊಂದ ಪೂರಾ ಸುಟ್ಟೈತ್ರಿ."

ಆಗ ಜಿಎಸ್‌ಟಿಗೆ ತೋರಿಸಿದ ಖರೀದಿಯೇ ಸಾಕ್ಷಿ. ಅದರಲ್ಲಿ ಅಂಗಡಿಯ ಒಟ್ಟು ಮಾಲೇ ಒಂದೂವರೆ ಲಕ್ಷದ್ದು.