ಅಂಕಲ್ ಪುಸ್ತಕದ ಮಳೆ, ಲೈನ್ ಮನೆಯ ಹಾಡು

ಕೊಡಗಿಗೆ ವರ್ಗವಾಯಿತು ಎಂದರೆ ಚಳ್ಳಕೆರೆಯಲ್ಲಿ ಯಾರೂ ಅಯ್ಯೋ ಅನ್ನುವುದಿಲ್ಲ. "ಜನ ದುಡ್ಡು ಕೊಟ್ಟು ಹನಿಮೂನಿಗೆ ಹೋಗೋ ಊರಿಗೆ ನಿನ್ನ ಸಂಬಳ ಕೊಟ್ಟು ಕಳಿಸ್ತಾರಲ್ಲಪ್ಪ" ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಕರಿಮೋಡ ಬಂದರೆ ಮಕ್ಕಳನ್ನು ಅಂಗಳಕ್ಕೆ ಕರೆದು ತೋರಿಸುವ ಜನ ನಾವು. ಅಂಥ ಊರಿನವನು ಮ್ಯಾನೇಜರಾಗಿ ಬಂದು ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯ ಬಿಟ್ಟಂಗಾಲದಲ್ಲಿ ಬಾಡಿಗೆ ಮನೆ ಹಿಡಿದೆ. ಕಕ್ಕಡ ಬಂತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಬೆಲ್ಟಿಗೆ, ಬೂಟಿಗೆ, ಮದುವೆಯ ಆಲ್ಬಮ್ಮಿಗೆ ಬೂಸ್ಟು ಹಿಡಿಯಿತು. ಅದರ ವಿಡಿಯೊ ಮಾಡಿ ಊರಿಗೆ ಕಳಿಸಿದರೆ, "ಎಷ್ಟು ತಂಪಾಗಿದೆಯೋ, ಪುಣ್ಯವಂತ" ಎಂದು ಉತ್ತರ ಬಂತು. ಆಮೇಲೆ ನಾನು ದೂರು ಹೇಳುವುದನ್ನೇ ಬಿಟ್ಟೆ.

ಮನೆ ಕೊಟ್ಟವರು ಅಂಕಲ್. ಸೇನೆಯಲ್ಲಿ ದುಡಿದು ಬಂದು ತೋಟ ನೋಡಿಕೊಂಡಿರುವವರು. ಅವರ ಅಂಗಳದಲ್ಲೊಂದು ರೇನ್ ಗೇಜ್ ಉಂಟು. ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ಅಳೆದು, ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಾರೆ. ಇಂಚು, ಸೆಂಟ್, ನೂರು ಸೆಂಟಿಗೆ ಒಂದು ಇಂಚು. ದೇಶ ಮೆಟ್ರಿಕ್ ಲೆಕ್ಕಕ್ಕೆ ಬಂದು ಅರವತ್ತು ವರ್ಷ ಮೀರಿದೆ, ಕೊಡಗಿನ ಮಳೆಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮಾರ್ಚಿನಲ್ಲಿ ಹೂಮಳೆ ಬಂದ ಮರುದಿನ ಪೇಟೆಯಲ್ಲಿ ನಡೆಯುವ ಮಾತು ಕೇಳಬೇಕು. "ನಿಮಗೆಷ್ಟು?" "ಒಂದು ಇಂಚು ಹತ್ತು." "ನಮಗೆ ಮೂವತ್ತೇ ಸೆಂಟ್, ಮಾರಾಯ್ರೆ." ಹೀಗೆಂದವರ ಮುಖ ಪರೀಕ್ಷೆಯಲ್ಲಿ ಫೇಲಾದವರ ಹಾಗೆ. ಕಾರಣ ಇಲ್ಲದಿಲ್ಲ. ಒಂದಿಂಚಾದರೂ ಬಿದ್ದರೆ ವಾರದೊಳಗೆ ರೊಬಸ್ಟಾ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆ ಘಮ ಏಳುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಎಚ್ಚರಾಗಿ, ಅರಳಲಾರದೆ ಕೆಡುತ್ತದೆ. ಆಗ ಕೆರೆಯ ನೀರಿಗೆ ಡೀಸೆಲ್ ಎಂಜಿನ್ ಹಚ್ಚಿ ಸ್ಪ್ರಿಂಕ್ಲರ್ ತಿರುಗಿಸಬೇಕು. ಪಕ್ಕದ ತೋಟದ ಮೇಲೆ ನಿಂತು ಸುರಿದು ನಮ್ಮ ಬೇಲಿಯ ಹತ್ತಿರ ನಿಂತುಬಿಡುವ ಮೋಡ ಇಲ್ಲಿ ವೈಯಕ್ತಿಕ ಅವಮಾನ.

ಶನಿವಾರ ಬೆಂಗಳೂರಿನಿಂದ ಮಗ ಬರುತ್ತಾನೆ. ಸಾಫ್ಟ್‌ವೇರಿನವನು. ಏಳು ಜನ ಕೂರುವ ಡೀಸೆಲ್ ಗಾಡಿಯಲ್ಲಿ ಒಬ್ಬನೇ ಬಂದು, ಇಳಿದು, ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಆತಂಕ ವ್ಯಕ್ತಪಡಿಸುತ್ತಾನೆ. ಅಪ್ಪ-ಮಗ ಕೊಡವ ತಕ್ಕ್‌ನಲ್ಲಿ ಶುರುಮಾಡಿ, ಸಾಕ್ಷಿಗೆ ನಾನು ಬೇಕಾದ್ದರಿಂದ ಕನ್ನಡಕ್ಕೆ ಬರುತ್ತಾರೆ.

"ಎಂತದೂ ಬದಲಾಗಿಲ್ಲ ಮ್ಯಾನೇಜರ್ರೆ. 1924ರಲ್ಲಿ ಹೇಗೆ ಸುರಿದಿತ್ತು ಗೊತ್ತುಂಟಾ? ನಮ್ಮ ತಾತ ಹೇಳ್ತಿದ್ರು. ಆಗ ಯಾವ ಕಾರ್ಬನ್ ಇತ್ತು?"

ಮಗ ಮೊಬೈಲ್ ತೆಗೆಯುತ್ತಾನೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಕೀಲಿಂಗ್ ಎಂಬಾತ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 315 ಪಾಲು. ಈಗ 420 ದಾಟಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹೊರುತ್ತದೆ. ಹಾಗಾಗಿ ಬರುವುದು ತಡ, ಬಂದರೆ ಒಂದೇ ಸಲ ಬಕೆಟ್ ಮಗುಚಿದಂತೆ. "ವರ್ಷದ ಒಟ್ಟು ಲೆಕ್ಕ ನೋಡ್ಬೇಡಿ ಪಪ್ಪ, ಎಷ್ಟು ದಿನದಲ್ಲಿ ಸುರೀತು ನೋಡಿ."

"ನಿನ್ನ ಗಾಡಿ ಬೆಂಗಳೂರಿಂದ ಇಲ್ಲಿಗೆ ಎಷ್ಟು ಕುಡೀತದೆ, ಅದು ನೋಡುವ."

ಇಲ್ಲಿಗೆ ಮೊದಲ ಸುತ್ತು ಮುಗಿಯುತ್ತದೆ. ಗೆದ್ದವರು ಅಂಕಲ್.

ನಿಜ ಹೇಳಬೇಕೆಂದರೆ ಈ ಜಗಳದಲ್ಲಿ ಎಲ್ಲರೂ ತಂತಮ್ಮ ಊರಿನ ಹವೆಯಿಂದಲೇ ಮಾತಾಡುವುದು. ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಬೆಚ್ಚಗಾಗುತ್ತದೆಂದು 1896ರಲ್ಲೇ ಲೆಕ್ಕ ಹಾಕಿದ ಸ್ವಾಂಟೆ ಅರೇನಿಯಸ್ ಸ್ವೀಡನ್ನಿನವನು. ಚಳಿಯಲ್ಲಿ ನಡುಗಿ ಬೆಳೆದ ಜೀವ. ಬೆಚ್ಚಗಾದರೆ ಒಳ್ಳೆಯದೇ, ಬೆಳೆ ಚೆನ್ನಾಗಿ ಬಂದೀತು ಎಂಬ ಧಾಟಿಯಲ್ಲೇ ಬರೆದ. ಚಳ್ಳಕೆರೆಯಲ್ಲಿ ಹುಟ್ಟಿದ್ದರೆ ಏಪ್ರಿಲ್ ತಿಂಗಳಲ್ಲಿ ಆ ಲೆಕ್ಕವನ್ನೇ ಹರಿದು ಬಿಸಾಡುತ್ತಿದ್ದನೋ ಏನೋ. ನಮ್ಮ ಕಡೆ ಮಳೆ ಕೈಕೊಟ್ಟರೆ ಕಪ್ಪೆಗಳ ಮದುವೆ ಮಾಡುತ್ತೇವೆ ಎಂದು ನಾನೊಮ್ಮೆ ಬಾಯಿಬಿಟ್ಟೆ. ಅಂಕಲ್ ಗಂಭೀರವಾಗಿ, "ಆ ಜೋಡಿಯನ್ನು ಆಗಸ್ಟಲ್ಲಿ ಇಲ್ಲಿಗೆ ಕರ್ಕೊಂಡು ಬನ್ನಿ, ಡೈವೋರ್ಸ್ ಮಾಡಿಸುವ" ಎಂದರು.

ಎರಡನೇ ಸುತ್ತು ಪುಸ್ತಕದ್ದು. ಮಗ ಅಪ್ಪನ ಮಳೆ ಪುಸ್ತಕಗಳ ಪುಟಪುಟವನ್ನೂ ಫೋಟೊ ಹೊಡೆದು ಎಕ್ಸೆಲ್ಲಿಗೆ ಏರಿಸಿದ. ವರ್ಷದ ಮೊತ್ತ ನೋಡಿದರೆ ಏರಿಳಿತವೇ ಹೊರತು ನೆಟ್ಟಗಿನ ಗೆರೆಯಿಲ್ಲ. ಅಂಕಲ್ ಮೀಸೆ ತಿರುವಿದರು. ಆದರೆ ಅವರ ಕೈಬರಹವೇ ಅವರಿಗೆ ದ್ರೋಹ ಮಾಡಿತು. 2018ರ ಆಗಸ್ಟಿನಲ್ಲಿ, ಮಡಿಕೇರಿಯ ಆಚೆ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ ಆ ದಿನಗಳಲ್ಲಿ, ಅಂಚಿನಲ್ಲಿ ಬರೆದುಕೊಂಡಿದ್ದಾರೆ: "ಗೇಜ್ ತುಂಬಿ ಚೆಲ್ಲಿದೆ, ಸರಿ ಲೆಕ್ಕ ಸಿಗಲಿಲ್ಲ." ಮರುವರ್ಷ ಆಗಸ್ಟ್, ಇದೇ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದ ವಾರ, ಮತ್ತದೇ ಮಾತು. 2021ರ ಜನವರಿಯ ಪುಟದಲ್ಲಿ, ಹಣ್ಣು ಕುಯ್ದು ಕಣದಲ್ಲಿ ಹರಡಿದ್ದಾಗ ಬಂದ ಮಳೆಗೆ ಸೆಂಟಿನ ಪಕ್ಕದಲ್ಲೊಂದು ಬೈಗುಳ. ಅದೇ ವರ್ಷದ ನವೆಂಬರಿಗೆ ಇನ್ನೊಂದು, ಸ್ವಲ್ಪ ಹೆಚ್ಚಿನದು. "ಇದೆಲ್ಲ ಅಕಾಲ ಮಳೆ, ಲೆಕ್ಕಕ್ಕಿಲ್ಲ" ಎಂದರು ಅಂಕಲ್. ಅಳೆದು ಬರೆದದ್ದು ಅವರೇ. ಲೆಕ್ಕಕ್ಕಿಲ್ಲ ಎನ್ನುವವರೂ ಅವರೇ.

ಆಂಟಿ ಅಡುಗೆಮನೆಯಿಂದಲೇ ಸಾಕ್ಷಿ ನುಡಿದರು. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದುಸೊಪ್ಪಿನ ಪಾಯಸ ಆಗಲೇಬೇಕು. (ಹೊಸಬರಿಗೆ ಬಡಿಸುವಾಗ, ನಾಳೆ ಮೂತ್ರ ಕೆಂಪಾದರೆ ಆಸ್ಪತ್ರೆಗೆ ಓಡಬೇಡಿ ಎಂದು ಮುಂಚೆಯೇ ಹೇಳುವುದು ಮರ್ಯಾದೆ. ನನಗೆ ಯಾರೂ ಹೇಳಲಿಲ್ಲ.) "ಮೊದಲು ಸೊಪ್ಪು ಕೊಯ್ಯಲಿಕ್ಕೆ ಗೊರಗ ಹಾಕಿ, ಜಿಗಣೆ ಕಿತ್ತು ಬಿಸಾಡಿಕೊಂಡು ಹೋಗ್ಬೇಕಿತ್ತು. ಮೊನ್ನೆಯ ಸಲ ಚಪ್ಪಲಿ ಹಾಕಿ ಬಿಸಿಲಲ್ಲಿ ಹೋಗಿ ಬಂದೆ. ಪುಸ್ತಕದಲ್ಲಿ ಅದನ್ನೂ ಬರೀಲಿ." ಅಂಕಲ್ ಗೇಜ್ ಒರೆಸಲು ಎದ್ದು ಹೋದರು.

ಇನ್ನು ಕಾಫಿ ಬೆಲೆಯ ವಿಷಯ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವುದು ವಿಯೆಟ್ನಾಂ. ಅಲ್ಲಿ ಬರ ಬಿತ್ತು. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ದರ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಬಿಟ್ಟಂಗಾಲದಲ್ಲಿ ಹೊಸ ಗೇಟುಗಳು ಎದ್ದವು, ಹಳೇ ಜೀಪಿನ ಪಕ್ಕ ಹೊಸ ಗಾಡಿಗಳು ನಿಂತವು. ಇಲ್ಲವೇ ಇಲ್ಲ ಎಂದು ಅಂಕಲ್ ಸಾಧಿಸುವ ಹವಾಮಾನ ಬದಲಾವಣೆಯೇ ಅವರ ವರಾಂಡಕ್ಕೆ ಹೊಸ ಹೆಂಚು ಹೊದಿಸಿತು ಎಂದು ಮಗ ಹೇಳಿದ. ಅದು ವಿಯೆಟ್ನಾಮಿನ ಹವೆ, ನಮ್ಮದಲ್ಲ ಎಂದರು ಅಂಕಲ್.

ಹೊರಗಿನವರು ಬಂದು ಊರು ಕೆಟ್ಟಿತು ಎಂಬುದೂ ಈ ವರಾಂಡದ ನಿತ್ಯದ ಮಾತೇ. ನಾನು ಹೊರಗಿನವನಾದ್ದರಿಂದ ಬಗ್ಗಿ ಕಾಫಿ ಕುಡಿಯುತ್ತೇನೆ. ಕುಡಿಯುವಾಗ ಕಣ್ಣೆತ್ತಿ ನೋಡಿದರೆ ರೊಬಸ್ಟಾ ಆಫ್ರಿಕಾದ್ದು, ನೆರಳಿಗೆ ನಿಂತ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಕುಯ್ಲು ಮಾಡುವವರು ಅಸ್ಸಾಮಿನವರು. ಸಿಲ್ವರ್ ಓಕನ್ನು ತಬ್ಬಿಕೊಂಡ ಮೆಣಸಿನ ಬಳ್ಳಿಯೊಂದೇ ಇಲ್ಲಿನದು. ಊರಿನ ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಗಡಿಯಲ್ಲಿ. ಮಳೆ ಕೊಡುವ ಇಗ್ಗುತಪ್ಪ ದೇವರೂ, ಐತಿಹ್ಯ ನಂಬಿದರೆ, ಕೇರಳದಿಂದ ಬಂದವರೇ.

ಹವೆಗಿಂತ ಬಿರುಸಾದ ಜಗಳ ಹಾಡಿನದ್ದು. ಮಗನ ಪ್ರಕಾರ ಕನ್ನಡದ ಸಂಗೀತ 2006ರ ಡಿಸೆಂಬರಿನಲ್ಲಿ, 'ಮುಂಗಾರು ಮಳೆ' ಬಿಡುಗಡೆಯಾದ ದಿನ, ಶಿಖರ ಮುಟ್ಟಿ ಮರಳಿ ಇಳಿಯಿತು. ನನಗೂ ಆ ಚಿತ್ರ ಪ್ರಾಣ. ಚಳ್ಳಕೆರೆಯ ಟಾಕೀಸಿನಲ್ಲಿ ಜನ ಪ್ರೇಮಕ್ಕಲ್ಲ, ಪರದೆಯ ಮೇಲೆ ಧಾರಾಳವಾಗಿ ಪೋಲಾಗುತ್ತಿದ್ದ ನೀರಿಗೆ ನಿಟ್ಟುಸಿರಿಟ್ಟಿದ್ದೇ ನೆನಪು. ಮಡಿಕೇರಿಯ ಮಳೆಯನ್ನು ಊರೂರಿಗೆ ಮಾರಿದ ಆ ಹಾಡುಗಳ ಸಂಗೀತ ಮನೋ ಮೂರ್ತಿಯವರದು. ಅವರು ಬದುಕು ಕಟ್ಟಿಕೊಂಡದ್ದು ಅಮೆರಿಕದಲ್ಲಿ. ಅವೇ ಹಾಡುಗಳನ್ನು ಗಾಡಿಯಲ್ಲಿ ಹಾಕಿಕೊಂಡು ಪ್ರವಾಸಿಗಳು ಬರುತ್ತಾರೆ, ನಿಜವಾದ ಮಳೆ ಸುರಿದ ಕೂಡಲೇ ಗಾಜು ಏರಿಸುತ್ತಾರೆ.

ಅಂಕಲ್‌ಗೆ ವಾಲಗ ಬಿಟ್ಟರೆ ಬೇರೆ ಸಂಗೀತವಿಲ್ಲ ಎಂದು ನಾನು ತಿಳಿದಿದ್ದೆ. ವಿರಾಜಪೇಟೆಯ ಮದುವೆಯೊಂದರಲ್ಲಿ ಗಂಗಾಪೂಜೆಯ ಹೊತ್ತು. ಮದುಮಗಳು ನೀರಿನ ಕೊಡ ಹೊತ್ತು ನಿಂತಿದ್ದಾಳೆ, ಗಂಡಿನ ಕಡೆಯವರು ದಾರಿ ಬಿಡದೆ ಕುಣಿಯುತ್ತಿದ್ದಾರೆ, ಸೇನೆಯ ಮಂಡಿನೋವಿನ ಅಂಕಲ್ ಮುಂಚೂಣಿಯಲ್ಲಿ. ಸಂಜೆ ಡಿಜೆ ಶುರುವಾದಾಗ ಅವರೇ ಕಿವಿ ಮುಚ್ಚಿಕೊಂಡು ಕಾರಿನಲ್ಲಿ ಕೂತರು. ಸದ್ದು ಎರಡೂ ಒಂದೇ ಮಟ್ಟದ್ದು. ನಾನು ಎರಡಕ್ಕೂ ಕಿವಿಯೊಡ್ಡಿದ್ದೇನೆ.

ಆದರೆ ಅವರ ಹೃದಯ ಇನ್ನೊಂದು ಕಡೆ ಉಂಟೆಂದು ಗೊತ್ತಾದದ್ದು ತೋಟದ ಕೆಲಸಗಾರರ ಲೈನ್ ಮನೆಯ ದೆಸೆಯಿಂದ. ಅಲ್ಲಿ ಅಸ್ಸಾಮಿನ ಹುಡುಗನೊಬ್ಬ ಸಂಜೆ ಮೊಬೈಲಿನಲ್ಲಿ ಹಾಡು ಹಾಕುತ್ತಾನೆ: ಅವನೂರಿನ ಗಾಯಕ ಜುಬೀನ್ ಗರ್ಗ್. 2025ರ ಸೆಪ್ಟೆಂಬರಿನಲ್ಲಿ ಜುಬೀನ್ ಸಿಂಗಪುರದಲ್ಲಿ ತೀರಿಕೊಂಡ ಸುದ್ದಿ ಬಂದಾಗ, ಗುವಾಹಟಿಯ ಬೀದಿಗಳು ಜನರಿಂದ ತುಂಬಿಹೋದವು. ಇಲ್ಲಿ ಲೈನ್ ಮನೆಯಲ್ಲಿ ಅಂದು ಒಲೆ ಹಚ್ಚಲಿಲ್ಲ. ಆಂಟಿ ಅನ್ನ ಕಳಿಸಿದರು. ಅಂಕಲ್ ಜೊತೆಗೆ ಹೋಗಿ, ತಮ್ಮ ಸೇನೆಯ ಹಿಂದಿಯಲ್ಲಿ ಸಮಾಧಾನ ಹೇಳಿ, ಕೊನೆಗೆ ತಡೆಯಲಾರದೆ, "ಆದರೂ ಭೂಪೇನ್ ಹಜಾರಿಕಾ ಮುಂದೆ ಇವನೆಲ್ಲ ಎಂತದು" ಎಂದುಬಿಟ್ಟರು! ಅವರು ಪ್ರಾಯದಲ್ಲಿ ತೇಜ್‌ಪುರದಲ್ಲಿದ್ದವರಂತೆ. ಬ್ರಹ್ಮಪುತ್ರಾ ದಂಡೆ, ಭೂಪೇನರ ದನಿ, ಇಪ್ಪತ್ತೆರಡರ ವಯಸ್ಸು. ಹುಡುಗ ಕಣ್ಣೊರೆಸಿಕೊಂಡು, "ಅದು ನಮ್ಮ ಅಜ್ಜನ ಕಾಲದ ಹಾಡು ಸಾಬ್" ಎಂದ. ಕೀಲಿಂಗನ ಗ್ರಾಫಿಗೆ ಬಗ್ಗದ ಅಂಕಲ್ ಆ ಮಾತಿಗೆ ಕುಸಿದರು. ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ್ದೇ ಸಂಗೀತ, ಆಗ ನೆನೆದದ್ದೇ ಮಳೆ; ಆಮೇಲಿನದ್ದೆಲ್ಲ ಅಕಾಲ. ಹಾಡಿಗೆ ಗೇಜ್ ಇಲ್ಲದ್ದರಿಂದ ಆ ಜಗಳ ಹಾಗೇ ಉಳಿದಿದೆ.

ಮಳೆಯ ಜಗಳಕ್ಕೆ ಮಗ ಈಚೆಗೊಂದು ಪರಿಹಾರ ತಂದಿದ್ದಾನೆ. ಕಂಬದ ಮೇಲೆ ನಿಲ್ಲಿಸುವ ಸ್ವಯಂಚಾಲಿತ ಹವಾಮಾನ ಯಂತ್ರ. ಬೆಂಗಳೂರಿನಲ್ಲಿ ಕೂತೇ ಬಿಟ್ಟಂಗಾಲದ ಮಳೆ ನೋಡಬಹುದು. ಅಂಕಲ್ ಅದನ್ನು ಮೂರು ಸುತ್ತು ಬಂದು ಪರೀಕ್ಷಿಸಿ, "ಇದು ಮಿಲ್ಲಿಮೀಟರ್ ತೋರಿಸ್ತದೆ, ನಮ್ಮ ತೋಟಕ್ಕೆ ಆಗುದಿಲ್ಲ" ಎಂದರು. ಇಂಚಿಗೆ ಬದಲಿಸಿಕೊಡುತ್ತೇನೆ ಎಂದ ಮಗ. ಸೆಂಟ್ ಸಮೇತವಾ ಎಂದು ಖಾತ್ರಿ ಮಾಡಿಕೊಂಡರು. ಹಾಗಾದರೆ ಹಳೇ ಗೇಜ್ ಏನು ಮಾಡುವುದು ಎಂಬ ಚರ್ಚೆ ಎದ್ದಾಗ ಆಂಟಿ ಬೈಂಬಳೆ ಕರಿ ತಂದಿಡುತ್ತಾ ತೀರ್ಪು ಕೊಟ್ಟರು: "ಎರಡೂ ಇರಲಿ. ಯಾವುದು ಜಾಸ್ತಿ ತೋರಿಸ್ತದೋ ಅದನ್ನು ಪೇಟೆಯಲ್ಲಿ ಹೇಳಿ."