ರಜಾಚೀಟಿಯ ನ್ಯಾಯಶಾಸ್ತ್ರ

ವಾದ ಹೂಡಿ ಒಪ್ಪಿಸುವ ಬರಹಗಳಲ್ಲಿ ವಿದ್ವಾಂಸರು ಕಣ್ಣೆತ್ತಿಯೂ ನೋಡದೆ ಬಿಟ್ಟದ್ದು ಶಾಲಾ ಮಕ್ಕಳ ರಜಾ ಅರ್ಜಿಯನ್ನು. ಅರಿಸ್ಟಾಟಲನಿಗೆ ಇದರ ಪರಿಚಯವಿರಲಿಲ್ಲ. 1958ರಲ್ಲಿ ವಾದದ ಅಂಗಾಂಗಗಳನ್ನು ಬಿಡಿಸಿಟ್ಟ ಸ್ಟೀಫನ್ ಟೂಲ್ಮಿನ್ನನಿಗೂ, ಬನದ ಹುಣ್ಣಿಮೆಯ ಜಾತ್ರೆ ಕಳೆದ ಮೇಲೆ ಬಾದಾಮಿ ಸೀಮೆಯ ಮಾಸ್ತರರ ಮೇಜಿನ ಮೇಲೆ ಬೀಳುವ ಚೀಟಿಗಳ ರಾಶಿ ಕಂಡಿರಲಾರದು. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ನ್ಯಾಯಸೂತ್ರಕಾರ ಗೌತಮರು ಅನುಮಾನವಾಕ್ಯಕ್ಕೆ ಐದು ಅವಯವ ಹೇಳಿದ್ದಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಗುಡ್ಡದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿದೆಯಲ್ಲ, ಅಡುಗೆಮನೆಯ ಹಾಗೆ ಎಂಬುದು ತಾರ್ಕಿಕರ ಮಾಮೂಲಿ ಮಾದರಿ. ಏಳನೇ ಇಯತ್ತೆಯ ನಮ್ಮ ತಾರ್ಕಿಕ ಐದನ್ನೂ ಎರಡಕ್ಕೆ ಇಳಿಸಿದ್ದಾನೆ. 'ವಿಷಯ: ಒಂದು ದಿನದ ರಜೆ ಕೋರಿ' ಎಂಬುದು ಪ್ರತಿಜ್ಞೆ, 'ನನಗೆ ಹೊಟ್ಟೆನೋವು ಬಂದಿದ್ದರಿಂದ' ಎಂಬುದು ಹೇತು. ಉಳಿದ ಹಾಳೆಯೆಲ್ಲ 'ಪೂಜ್ಯ ಗುರುಗಳಿಗೆ', 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ', 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ'ಗಳ ಪಾಲು. ತರ್ಕದ ಜೊತೆಗೆ ಹೇಳುವವನ ಶೀಲಕ್ಕೂ ಕೇಳುವವನ ಭಾವಕ್ಕೂ ಅರಿಸ್ಟಾಟಲ್ ಜಾಗ ಕೊಟ್ಟಿದ್ದನೇನೋ ನಿಜ. ಇಷ್ಟು ಜಾಗ ಬೇಕಾದೀತೆಂದು ಅವನು ಎಣಿಸಿರಲಿಕ್ಕಿಲ್ಲ.

ಈ ಕ್ಷೇತ್ರದ ನಿಜವಾದ ಸಂಪತ್ತು ಹೇತ್ವಾಭಾಸಗಳು, ಅಂದರೆ ಹೇತುವಿನಂತೆ ತೋರುವ ಹುಸಿ ಹೇತುಗಳು. ಹೊಟ್ಟೆನೋವು ಶಾಲೆಗೆ ಬಂದವರಿಗೂ ಇರುವುದರಿಂದ ಅದು ಸವ್ಯಭಿಚಾರ. 'ಏಳಲಾರದಷ್ಟು ಜ್ವರ ಬಂದು ಅಕ್ಕನ ಊರಿಗೆ ಹೋಗಿದ್ದೆ' ಎಂಬುದು ವಿರುದ್ಧ. ರಜೆ ಮಾಡಿ ಬಂದು ರಜೆ ಕೇಳುವುದು ಕಾಲಾತೀತವೆಂದು ಈ ಲೇಖಕನ ಮತ. ನ್ಯಾಯಸೂತ್ರಕ್ಕೆ ವಾತ್ಸ್ಯಾಯನರು ಬರೆದ ಭಾಷ್ಯದಲ್ಲಿ ಇದಕ್ಕೆ ಬೆಂಬಲ ಸಿಗದು, ಹೆಡ್ಮಾಸ್ತರರಲ್ಲಿ ಸಿಗುತ್ತದೆ.

ಆದರೂ ಅರ್ಜಿ ಗೆಲ್ಲುವುದು ಅನುಮಾನದಿಂದಲ್ಲ, ಶಬ್ದಪ್ರಮಾಣದಿಂದ. ಆಪ್ತರ ಮಾತು ಪ್ರಮಾಣವೆಂದು ನ್ಯಾಯದರ್ಶನ ಒಪ್ಪುತ್ತದೆ. ಪಾಲಕರ ಸಹಿ ಇರುವುದು ಅದಕ್ಕೇ. ಅಪ್ಪನ ಸಹಿಯಲ್ಲೂ ಮಗನ ಒಕ್ಕಣೆಯಲ್ಲೂ 'ಪ' ಒಂದೇ ರೀತಿ ಸೊಟ್ಟಗಿದ್ದರೆ, ಎರಡು ಕಡೆಯೂ ಒಂದೇ ಪೆನ್ನು ಸೋರಿದ್ದರೆ, ವಂಶವಾಹಿನಿಯ ಪ್ರಭಾವವೆಂದು ವ್ಯಾಖ್ಯಾನಿಸತಕ್ಕದ್ದು.

ಪ್ರತ್ಯಕ್ಷ ಪ್ರಮಾಣದ ಸಂಗತಿ ಇನ್ನೂ ಸೂಕ್ಷ್ಮ. ಹೊಟ್ಟೆನೋವಿನ ಅರ್ಜಿದಾರ ಬನಶಂಕರಿ ಜಾತ್ರೆಯಲ್ಲಿ, ನಾಟಕ ಕಂಪನಿಯ ಟಿಕೀಟು ಕೊಡುವಲ್ಲಿ ನಿಂತು ಮಿರ್ಚಿ ತಿನ್ನುತ್ತಿದ್ದುದನ್ನು ಮಾಸ್ತರರು ಕಣ್ಣಾರೆ ಕಂಡಿದ್ದಾರೆ. ಅಂದು ಮಾಸ್ತರರೂ 'ಅನಿವಾರ್ಯ ಮನೆಗೆಲಸದ ನಿಮಿತ್ತ' ಸಾಂದರ್ಭಿಕ ರಜೆಯಲ್ಲಿದ್ದರು. ಹೀಗಾಗಿ ವಿಚಾರಣೆ ದೂರದಿಂದಲೇ ಶುರುವಾಯಿತು.

"ಹೊಟ್ಟಿನೋವು ಕಡಿಮಿ ಆತೇನಪಾ?"

"ಆತ್ರಿ ಸರ್. ನಿಮ್ಮ ಮನಿಕೆಲಸ ಮುಗೀತ್ರಿ?"

ವಾದಿ ಸೋತನೆನ್ನಲು ಗೌತಮರು 22 ನಿಗ್ರಹಸ್ಥಾನಗಳನ್ನು ಪಟ್ಟಿ ಮಾಡಿದ್ದಾರೆ. ಉತ್ತರ ತೋಚದೆ ಸುಮ್ಮನಾಗುವ ಅಪ್ರತಿಭಾ ಅವುಗಳಲ್ಲೊಂದು. ಮಾಸ್ತರರು ಪೆನ್ನಿನ ಟೊಪ್ಪಿಗೆ ತೆಗೆದು, ಚೀಟಿಯ ಮೂಲೆಯಲ್ಲಿ 'ಮಂಜೂರು' ಎಂದು ಬರೆದರು.