ಫಾರಂ ಎಂಟು, ನೆಪ ನೂರೆಂಟು

‘ಸ್ವಾಮಿ, ರಾಜಾಜಿನಗರ ಬಿಟ್ಟು ಯಲಹಂಕಕ್ಕೆ ಬಂದು ಮೂರು ವರ್ಷ ಆಯ್ತು. ನಿಮ್ಮ ವೋಟು ಬಂತಾ?’ ಶಾಮರಾಯರ ಗಲ್ಲಕ್ಕೆ ನೊರೆ ಬಳಿಯುತ್ತಾ ಕೇಳಿದ ಸಲೂನ್ ಸಿದ್ದ.

‘ಅದಿನ್ನೂ ಹಳೇ ಮನೇಲೇ ಇದೆ ಕಣೋ.’

‘ಗ್ಯಾಸು?’

‘ಬಂದ ವಾರವೇ ಬದಲಾಯಿಸ್ದೆ.’

‘ಪಿಜ್ಜಾ ತರೋ ಹುಡುಗನಿಗೆ?’

‘ಲಾರಿಯಿಂದ ಸಾಮಾನು ಇಳಿಸೋ ಮೊದಲೇ ಲೊಕೇಶನ್ ಹಾಕಿದ್ದೆ!’

‘ವೋಟಿಗೂ ಫಾರಂ 8 ಸಾಕಂತೆ, ಮೊಬೈಲಲ್ಲೇ ಆಗುತ್ತಂತೆ.’

‘ನೆಟ್‌ವರ್ಕ್ ಸಿಗಬೇಕಲ್ಲಯ್ಯ.’ ರಾಯರು ರೀಲ್ಸಿನಿಂದ ಕಣ್ಣೆತ್ತಲಿಲ್ಲ.

‘ಬಿಎಲ್‌ಒ ಮೇಡಂ ಮನೆ ಹತ್ರ ಬಂದಿದ್ರಲ್ಲ?’

‘ಗಣೇಶನ ಚಂದಾದವರು ಅಂದ್ಕೊಂಡು ನಮ್ಮಾಕೆ ಲೈಟ್ ಆರಿಸಿಬಿಟ್ಟಳು.’

‘ಹಂಗಿದ್ರೆ ಫಾರಂ 6 ಹಾಕಿ, ಹೊಸ ವೋಟರ್ ಆಗ್ಬಿಡಿ. ಅಲ್ಲೊಂದು, ಇಲ್ಲೊಂದು. ಎಲೆಕ್ಷನ್ ಟೈಮಲ್ಲಿ ಎರಡೆರಡು ಕುಕ್ಕರ್ರು!’

‘ಲೋ, ಸುಳ್ಳು ಬರ್ಕೊಟ್ರೆ ಒಂದು ವರ್ಷದವರೆಗೂ ಜೈಲು!’

‘ಒಳ್ಳೇದಾಯ್ತು ಬಿಡಿ, ಅದೂ ಒಂದು ಅಡ್ರೆಸ್ಸು.’

ರಾಯರು ನಕ್ಕರು, ಕತ್ತಿ ಕೆನ್ನೆ ಮೇಲಿದ್ದದ್ದರಿಂದ ಅರ್ಧವೇ. ‘ನಮ್ಮಪ್ಪ ಹೋಗಿ ಹತ್ತು ವರ್ಷ. ಹಳೇ ಪಟ್ಟೀಲಿ ಇನ್ನೂ ಗಟ್ಟಿಯಾಗಿದ್ದಾರೆ.’

‘ತೆಗೆಸೋಕೆ ಫಾರಂ 7 ಇದೆಯಂತಲ್ಲ?’

‘ಅಪ್ಪನ್ನ ಹೆಂಗೋ ತೆಗೆಸ್ಲಿ?’

‘ಇರ್ಲಿ ಬಿಡಿ. ಬೂತ್ ಅಂದ್ಮೇಲೆ ಒಂದೆರಡು ಭೂತ ಇರ್ಬೇಕು. ಪಾಪ, ನಿಮ್ಮ ಥರ ವೋಟ್ ಹಾಕೋದನ್ನಂತೂ ತಪ್ಪಿಸಲ್ಲ.’

ರಾಯರು ಕೆಮ್ಮಿದರು. ಸಿದ್ದ ಕತ್ತಿ ಒರೆಸಿಕೊಂಡ. ‘ಅಲ್ಲ ಸ್ವಾಮಿ, ನಾವು ಮನೆ ಬದಲಾಯಿಸಿದ್ರೆ ಫಾರಂ 8. ನಮ್ಮ ಎಮ್ಮೆಲ್ಲೆ ಪಾರ್ಟಿ ಬದಲಾಯಿಸಿದ್ರೆ ಎಷ್ಟನೇ ಫಾರಮ್ಮು?’

‘ಅವರಿಗೆ ಬರೀ ಫಾರಂ ಸಾಲಲ್ಲ ಕಣೋ. ಫಾರಂಹೌಸು!’